ಅರ್ಧ ಎಲೆಯ ಮಳೆಗಾಲ

ಮೊನ್ನೆ ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿದಾಗ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಮಗುವಿನ ನೆತ್ತಿಗೆ ಹರಳೆಣ್ಣೆ ತಟ್ಟಿದ್ದಳು. ತಟ್ಟಿದ್ದಳು ಅನ್ನುವುದಕ್ಕಿಂತ ಸುರಿದಿದ್ದಳು ಅನ್ನಬೇಕು, ಎಣ್ಣೆ ಹಣೆಯವರೆಗೂ ಇಳಿದು ಹುಬ್ಬು ಅಂಟಿಕೊಂಡಿತ್ತು. "ಉಷ್ಣ ಆಗೈತೆ ಕಣಕ್ಕ, ನೆನ್ನೆಯಿಂದ ಭೇದಿ ನಿಂತಿಲ್ಲ" ಎಂದು ನಾನು ಕೇಳದೆಯೇ ಹೇಳಿದಳು. "ಎಣ್ಣೆ ಆಮೇಲೆ ಹಚ್ಚು, ಮೊದ್ಲು ಡಾಕ್ಟರಿಗೆ ತೋರ್ಸು" ಎಂದೆ. ಎಷ್ಟು ಜೋರಾಗಿ ಅಂದೆನೋ, ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಬೇಜಾರು ಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಿಡಿಗೇಶಿ ಬರುವ ಹೊತ್ತಿಗೆ ಆ ವಾಸನೆ ನನ್ನ ಸೀರೆಗೂ ಹತ್ತಿತ್ತು. ನನ್ನ ದೊಡ್ಡಪ್ಪನ ಕೊನೆಯ ಮಳೆಗಾಲ ಪೂರ್ತಿ ಕಳೆದಿದ್ದು ಈ ವಾಸನೆಯಲ್ಲೇ.

ದೊಡ್ಡಪ್ಪ ಅಂದರೆ ಗಂಗಾಧರಯ್ಯ, ನನ್ನ ಅಪ್ಪನ ಅಣ್ಣ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದದ್ದರಿಂದ ಮಿಡಿಗೇಶಿ ಪಕ್ಕದ ನಮ್ಮ ಹಳ್ಳಿಯಲ್ಲಿ ನನ್ನನ್ನು ಬೆಳೆಸಿದವರು ಅವರು ಮತ್ತು ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ನಾನು ಓದಿ, ಮಧುಗಿರಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಲು ಸೇರಿ, ಅಲ್ಲೇ ಮನೆ ಮಾಡಿಕೊಂಡರೂ ಭಾನುವಾರ ಬಂತೆಂದರೆ ಹಳ್ಳಿಯ ಬಸ್ಸು ಹತ್ತುತ್ತಿದ್ದೆ. ನಾನು ಜಗಳಗಂಟಿ. ಕಂಡಕ್ಟರ್ ಜೊತೆ, ಪ್ರಿನ್ಸಿಪಾಲರ ಜೊತೆ, ತರಕಾರಿಯವಳ ಜೊತೆ, ಯಾರ ಜೊತೆಯಾದರೂ ಸರಿ. ದೊಡ್ಡಪ್ಪ ಇದಕ್ಕೆ ತೀರಾ ತದ್ವಿರುದ್ಧ. ಸುತ್ತಲಿನ ಹಳ್ಳಿಗಳಲ್ಲಿ ಯಾರು ಕಿತ್ತಾಡಿಕೊಂಡರೂ ರಾಜಿಗೆ ಅವರನ್ನೇ ಕರೆಯುತ್ತಿದ್ದರು.

ಅವರ ರಾಜಿಗೆ ಒಂದು ಕ್ರಮವಿತ್ತು. ಜಗಳ ಆಡಿದ ಇಬ್ಬರನ್ನೂ ನಮ್ಮ ಜಗಲಿಯ ಮೇಲೆ ಎದುರುಬದುರು ಕೂರಿಸುವುದು. ಇಬ್ಬರ ಮಾತನ್ನೂ ಪೂರ್ತಿ ಕೇಳುವುದು. ಮಾತು ಏರಿದಾಗ ಅವರು ಗದರುತ್ತಿರಲಿಲ್ಲ. ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯಲ್ಲೇ ಏನನ್ನೋ ಅದುಮುವವರ ಹಾಗೆ ಮೆಲ್ಲಗೆ ಇಳಿಸುತ್ತಿದ್ದರು. ಎಂಥವರ ದನಿಯೂ ಅದರ ಜೊತೆಗೇ ಇಳಿಯುತ್ತಿತ್ತು. ಕೊನೆಗೆ ಒಂದು ವೀಳ್ಯದೆಲೆ ತೆಗೆದು, ನಡುವಿನ ನರದ ಗುಂಟ ಎರಡು ಮಾಡಿ, ಅರ್ಧರ್ಧ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಇಬ್ಬರಿಗೂ ಕೊಡುವುದು. ಆ ಅರ್ಧ ಎಲೆ ಬಾಯಿಗೆ ಹಾಕಿಕೊಂಡ ಮೇಲೆ, ಆ ವರ್ಷದ ಕಡ್ಲೆಕಾಯಿ ಕೀಳುವವರೆಗೂ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಕಾಯಿ ಕಿತ್ತ ಮೇಲೆ ಬೇಕಾದರೆ ಮತ್ತೆ ಬರಬಹುದು. ಅಷ್ಟು ಹೊತ್ತಿಗೆ ಮುಕ್ಕಾಲು ಜನಕ್ಕೆ ಜಗಳದ ಬಿಸಿ ಆರಿರುತ್ತಿತ್ತು.

ಇದನ್ನೆಲ್ಲ ಜನ ಕೊಂಡಾಡುತ್ತಿದ್ದರು. ನನಗೆ ಮಾತ್ರ ಅರ್ಧ ಹೆಮ್ಮೆ, ಅರ್ಧ ಸಿಟ್ಟು. ಯಾಕೆಂದರೆ ನಮ್ಮ ಹೊಲದ ಪಕ್ಕದ ತಿಮ್ಮರಾಜು ಪ್ರತಿ ಉಳುಮೆಗೂ ಬದುವನ್ನು ಒಂದಿಷ್ಟು ನಮ್ಮ ಕಡೆಗೆ ಒತ್ತುತ್ತಿದ್ದ. ಬದುವಿನ ಮೇಲಿದ್ದ ಹರಳು ಗಿಡಗಳು ನಾನು ಹುಡುಗಿಯಾಗಿದ್ದಾಗ ನಮ್ಮವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವು ಅವನ ಹೊಲದೊಳಗಿದ್ದವು. ಗಿಡ ನಿಂತಲ್ಲೇ ನಿಂತಿದ್ದವು, ನಡೆದದ್ದು ಬದು. ದೊಡ್ಡಮ್ಮ ಎಣ್ಣೆ ಕಾಯಿಸಲು ಹರಳನ್ನು ಅವನ ಹೆಂಡತಿಯ ಹತ್ತಿರ ಕೇಳಿ ತರುತ್ತಿದ್ದರು. ನಾನು ಹಾರಾಡಿದಾಗೆಲ್ಲ ದೊಡ್ಡಪ್ಪನದು ಒಂದೇ ಮಾತು: "ಒಂದ್ ಸಾಲು ಹೋದ್ರೆ ಹೋಗ್ಲಿ ಬುಡು ಶೈಲ. ಅವ್ನೇನ್ ಹೊರಗ್ನೋನಾ? ನಮ್ಮೋನೇ."

ಆ ಕೊನೆಯ ಮಳೆಗಾಲದ ವರ್ಷ, ಯುಗಾದಿಗೆ ಮೊದಲು ದೊಡ್ಡಪ್ಪನ ಮೂತ್ರದಲ್ಲಿ ರಕ್ತ ಕಂಡಿತು. ಉಷ್ಣ ಅಂದುಕೊಂಡು ಎಳನೀರು ಕುಡಿದರು, ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡರು. ನನಗೆ ಗೊತ್ತಾಗಿ ಎಳೆದುಕೊಂಡು ಹೋದಾಗ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ಒಂದು ಮೂತ್ರಪಿಂಡ ತೆಗೆದರು. ಅಷ್ಟರಲ್ಲಾಗಲೇ ಅದು ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕೂತಿತ್ತು.

ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ದೊಡ್ಡಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದಳು.

"ನಿಮ್ಮ ರಕ್ತದಲ್ಲಿ ಕಾವಲು ಕಾಯುವ ಕೋಶಗಳಿವೆ ತಾತಾ. ಕ್ಯಾನ್ಸರ್ ಕೋಶ ಕಂಡರೆ ಕೊಲ್ಲುವ ಶಕ್ತಿ ಅವಕ್ಕಿದೆ. ಆದರೆ ಅವು ಕೆರಳಿ ನಮ್ಮ ಮೈಯನ್ನೇ ತಿನ್ನಬಾರದಲ್ಲ? ಅದಕ್ಕೆ ಅವನ್ನು ಸಮಾಧಾನ ಮಾಡಿ ಹಿಡಿದಿಡುವ ಇನ್ನೊಂದು ಜಾತಿಯ ಕೋಶಗಳಿವೆ. ನಿಯಂತ್ರಕ ಕೋಶ ಅಂತೀವಿ. ಅವು ಒಳ್ಳೆಯವೇ. ಅವಿಲ್ಲದೆ ಮನುಷ್ಯ ಬದುಕೋದಿಲ್ಲ. ಆದರೆ ನಿಮ್ಮ ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿದಾಗ ಅದರ ಸುತ್ತ ಅವೇ ತುಂಬಿಕೊಂಡಿದ್ದವು. ಗಡ್ಡೆಯೇ ಅವನ್ನು ಕರೆಸಿಕೊಳ್ಳುತ್ತೆ. ಕಾವಲಿನವು ಹತ್ತಿರ ಬಂದರೆ ಇವು ತಡೆದು ಸುಮ್ಮನಾಗಿಸುತ್ತವೆ."

ದೊಡ್ಡಪ್ಪ ನನ್ನ ಕಡೆ ತಿರುಗಿ, "ಅಂದ್ರೆ ಒಳಗೂ ನನ್ನಂಥೋರೇ ಕುಂತವ್ರೆ ಅನ್ನು. ನಮ್ಮೋನೇ ಬುಡು, ನಮ್ಮೋನೇ ಬುಡು ಅಂತ" ಎಂದರು. ನಕ್ಕರು ಅಂದುಕೊಂಡೆ. ನಕ್ಕಿರಲಿಲ್ಲ.

ಆ ಹಿಡಿತವನ್ನು ಸಡಿಲ ಮಾಡುವ ಔಷಧಿಗಳಿವೆ, ಅವು ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಿದರೆ ವರ್ಷಗಟ್ಟಲೆ ಬದುಕಬಹುದು ಎಂದು ಡಾಕ್ಟರು ಹೇಳಿದಳು. ಒಂದು ಎಚ್ಚರಿಕೆಯನ್ನೂ ಕೊಟ್ಟಳು. ಹಿಡಿತ ಸಡಿಲವಾದಾಗ ಕಾವಲಿನ ಕೋಶಗಳು ಚರ್ಮವನ್ನೋ, ಕರುಳನ್ನೋ, ಲಿವರನ್ನೋ ಶತ್ರು ಅಂದುಕೊಂಡು ಮೇಲೆ ಬೀಳಬಹುದು. ಮೈ ಕಡಿತ, ಕೆಮ್ಮು, ಮುಖ್ಯವಾಗಿ ಭೇದಿ, ಏನೇ ಆದರೂ ಆ ದಿನವೇ ಹೇಳಬೇಕು. ಮನೆಯವರ ಕಾಯಿಲೆಗಳನ್ನು ಮೊದಲೇ ಕೇಳಿ ಬರೆದುಕೊಂಡಿದ್ದವಳು, ಉದಾಹರಣೆಗೆ ನನ್ನನ್ನೇ ತೋರಿಸಿದಳು. ನನ್ನ ಕಾವಲು ಕೋಶಗಳು ಯಾವ ಔಷಧಿಯ ಹಂಗಿಲ್ಲದೆಯೇ ನನ್ನ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡಿ, ನಾನು ದಿನಾ ಬೆಳಿಗ್ಗೆ ಮಾತ್ರೆ ನುಂಗುವ ಹಾಗೆ ಮಾಡಿದ್ದವು. ಇದನ್ನು ಕೇಳಿ ದೊಡ್ಡಪ್ಪ ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಹಗುರವಾದರು. "ನೋಡ್ದಾ ತಾಯಿ, ನಿನ್ನೊಳಗೆ ನನ್ನಂಥೋನು ಒಬ್ಬಾನೂ ಇಲ್ಲ. ಒಳಗೂ ಜಗ್ಳ, ಹೊರಗೂ ಜಗ್ಳ" ಎಂದರು. ಡಾಕ್ಟರೂ ನಕ್ಕಳು. ವಾಪಸ್ಸು ಬರುವಾಗ ಕೊರಟಗೆರೆ ದಾಟುವವರೆಗೂ ಇದೇ ಮಾತು ಹೇಳಿ ನನ್ನನ್ನು ರೇಗಿಸಿದರು.

ಜ್ಯೇಷ್ಠದಲ್ಲಿ ಔಷಧಿ ಶುರುವಾಯಿತು. ಮೂರು ವಾರಕ್ಕೊಮ್ಮೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುವುದು. ನಡುವೆ ಪ್ರತಿ ಸೋಮವಾರ ಆಸ್ಪತ್ರೆಯಿಂದ ಒಬ್ಬಳು ನರ್ಸ್ ಫೋನ್ ಮಾಡಿ, ಊಟ ಸೇರುತ್ತಾ, ಭೇದಿ ಇದೆಯಾ, ಕೆಮ್ಮು ಇದೆಯಾ ಎಂದು ವಿಚಾರಿಸುತ್ತಿದ್ದಳು. ದೊಡ್ಡಪ್ಪ ಅವಳಿಗೆ ಸೋಮವಾರದ ಹುಡುಗಿ ಎಂದೇ ಹೆಸರಿಟ್ಟಿದ್ದರು. "ಚೆನ್ನಾಗಿವ್ನಿ ಕಣಮ್ಮ, ಏನೂ ತೊಂದ್ರೆ ಇಲ್ಲ. ನಿಂದು ಊಟ ಆಯ್ತಾ?" ಎಂದು ತಿರುಗಿ ಅವಳನ್ನೇ ವಿಚಾರಿಸುವರು.

ಆ ವರ್ಷ ಮಳೆಗೆ ನಮ್ಮ ಸೀಮೆಯ ದಾರಿ ಅದೆಲ್ಲಿಂದ ನೆನಪಾಯಿತೋ, ಬೇಡ ಬೇಡವೆಂದರೂ ಸುರಿಯಿತು. ಕಡ್ಲೆಕಾಯಿ ಬಿತ್ತನೆ ಹದವಾಗಿ ಆಯಿತು. ಕಲ್ಲು ಗುಡ್ಡಗಳ ಮೇಲೆ ಮೋಡ ಕೂತರೆ ಏಳುತ್ತಲೇ ಇರಲಿಲ್ಲ. ಮಿಡಿಗೇಶಿ ಕೋಟೆ ದಿನಗಟ್ಟಲೆ ಕಾಣದೆ ಇರುತ್ತಿತ್ತು. ಬಿಸಿಲಿಗೆ ಹುಟ್ಟಿ ಬಿಸಿಲಲ್ಲೇ ಬೆಳೆದ ನಮಗೆ ಆ ಮಬ್ಬು ಒಗ್ಗುವುದಿಲ್ಲ. ಬಟ್ಟೆ ಒಣಗದೆ, ಸೌದೆ ಹತ್ತದೆ, ಮನೆಯೆಲ್ಲ ಹೊಗೆ. ಹೊಲ ಮಾತ್ರ ನೋಡಿದಷ್ಟೂ ಹಸಿರಾಗಿತ್ತು.

ಶ್ರಾವಣದಲ್ಲಿ ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶದ ಗಂಟುಗಳು ಕುಗ್ಗಿದ್ದವು. ಕೆಲವು ಕಾಣಿಸಲೇ ಇಲ್ಲ. ಡಾಕ್ಟರು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಹಿಡಿದು ತೋರಿಸಿದಾಗ ನಾನು ಅಲ್ಲೇ ಅತ್ತುಬಿಟ್ಟೆ. ದೊಡ್ಡಪ್ಪ ಕೈಮುಗಿದರು. ದೊಡ್ಡಮ್ಮ ಊರಿಗೆ ಬಂದು ಮನೆಮನೆಗೂ ಪಾಯಸ ಹಂಚಿದರು. ತಿಮ್ಮರಾಜುವಿನ ಮನೆಗೂ ಕೊಟ್ಟರು.

ಆ ಹೊತ್ತಿಗಾಗಲೇ ಭೇದಿ ಶುರುವಾಗಿತ್ತು ಎನ್ನುವುದು ನನಗೆ ತಿಳಿದದ್ದು ಆಮೇಲೆ.

ಡ್ರಿಪ್ ಹಾಕುವ ಕೋಣೆಯಲ್ಲಿ ಸಿರಾ ಕಡೆಯ ಒಬ್ಬ ಸಾಹೇಬರು ದೊಡ್ಡಪ್ಪನಿಗೆ ಪರಿಚಯವಾಗಿದ್ದರು. ಒಂದು ದಿನ ಅವರು ಕಾಣಲಿಲ್ಲ. ವಿಚಾರಿಸಿದರೆ, ಲಿವರಿಗೆ ತೊಂದರೆಯಾಗಿ ಔಷಧಿ ನಿಲ್ಲಿಸಿದ್ದಾರೆ ಎಂದರಂತೆ. ದೊಡ್ಡಪ್ಪನ ತಲೆಯಲ್ಲಿ ಅದೇ ಕೂತುಬಿಟ್ಟಿತು. ತೊಂದರೆ ಹೇಳಿಕೊಂಡರೆ ಔಷಧಿ ನಿಲ್ಲುತ್ತದೆ, ಔಷಧಿ ನಿಂತರೆ ಗಂಟು ಮತ್ತೆ ಬೆಳೆಯುತ್ತದೆ. ಬದುಕುವ ಆಸೆಯಿಂದಲೇ ಅವರು ಬಾಯಿ ಮುಚ್ಚಿಕೊಂಡರು. ಊರಿನವರ ಜಗಳವನ್ನು ಮುಚ್ಚಿದವರಿಗೆ ತಮ್ಮ ಹೊಟ್ಟೆಯ ಜಗಳ ಮುಚ್ಚುವುದು ಕಷ್ಟವಾಗಲಿಲ್ಲ.

ಶ್ರಾವಣ ಸೋಮವಾರಗಳಲ್ಲಿ ಅವರು ಮೊದಲಿನಿಂದಲೂ ಒಪ್ಪೊತ್ತು. ಹಾಗಾಗಿ ಊಟ ಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ನಾನು ಬರುವ ಭಾನುವಾರಗಳಲ್ಲಿ ಹಿತ್ತಲಿಗೆ ಓಡಾಡುವುದು ಕಾಣಬಾರದೆಂದು ಹಿಂದಿನ ದಿನದಿಂದಲೇ ಅನ್ನ ಮುಟ್ಟುತ್ತಿರಲಿಲ್ಲವಂತೆ. ದಾಳಿಂಬೆ ಸಿಪ್ಪೆಯ ಕಷಾಯ ಕುಡಿದು, ಹೊಕ್ಕುಳಿಗೆ, ಅಂಗಾಲಿಗೆ, ನೆತ್ತಿಗೆ ಹರಳೆಣ್ಣೆ ಹಚ್ಚಿಸಿಕೊಂಡು, ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದರು. "ಯಾಕೆ ಇಷ್ಟು ಎಣ್ಣೆ?" ಎಂದರೆ, "ಕಣ್ಣುರಿ ಕಣಮ್ಮ, ಒಸಿ ಉಷ್ಣ" ಎನ್ನುತ್ತಿದ್ದರು. "ಭೇದಿ ಗೀದಿ?" ಎಂದು ನಾನು ಪ್ರತಿ ವಾರವೂ ಕೇಳಿದೆ. "ಥೂ, ಇಲ್ಲ ಬುಡು." ನಾನು ದೊಡ್ಡಮ್ಮನ ಮುಖ ನೋಡುತ್ತಿದ್ದೆ. ದೊಡ್ಡಮ್ಮ ಅವರ ಕೈ ನೋಡುತ್ತಿದ್ದರು. ಆ ಕೈ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಸೋಮವಾರದ ಫೋನು ಬಂದಾಗ ಅವರು ಹಿತ್ತಲಲ್ಲಿದ್ದರೆ ದೊಡ್ಡಮ್ಮನೇ ಎತ್ತಬೇಕಾಗುತ್ತಿತ್ತು. ಮೊದಲ ಸಲ ತಡವರಿಸಿದರಂತೆ. ಚೊಂಬು ಹಿಡಿದು ಬಾಗಿಲಲ್ಲಿ ನಿಂತ ದೊಡ್ಡಪ್ಪ ಅಲ್ಲಿಂದಲೇ ಕೈ ಇಳಿಸಿ ಸನ್ನೆ ಮಾಡಿದರು. "ಚೆನ್ನಾಗವ್ರೆ ಕಣಮ್ಮ, ಏನೂ ತೊಂದ್ರೆ ಇಲ್ಲ" ಎಂದರು ದೊಡ್ಡಮ್ಮ. ಮುಂದಿನ ವಾರಗಳಲ್ಲಿ ಸನ್ನೆ ಬೇಕಾಗಲಿಲ್ಲ.

ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ಮೇಲೆ, ನಾನು ಕ್ಲಾಸಿನಲ್ಲಿದ್ದಾಗ ತಿಮ್ಮರಾಜುವಿನ ಫೋನು ಬಂತು. "ಮೇಡಮ್ಮೋರೆ, ಬಿರ್ರನೆ ಬನ್ನಿ. ಅಯ್ಯೋರು ಹೊಲದ್ತಾವ ಬಿದ್ಬುಟ್ಟವ್ರೆ. ಪಂಚೆಯೆಲ್ಲ ರಕ್ತ." ಅವನೇ ಯಾರದೋ ಕಾರು ಹಿಡಿದು ದೊಡ್ಡಪ್ಪನನ್ನೂ ದೊಡ್ಡಮ್ಮನನ್ನೂ ಮಧುಗಿರಿಗೆ ಕರೆತಂದ. ನಾನು ಬಸ್ಟ್ಯಾಂಡಿನ ಹತ್ತಿರ ಹತ್ತಿಕೊಂಡೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ನನ್ನ ಮಡಿಲಿಗೆ ತಲೆಯಿಟ್ಟರು. ಎಷ್ಟು ಹಗುರವಾಗಿದ್ದರೆಂದರೆ ನನಗೆ ಭಯವಾಯಿತು. ಕಾರಿನೊಳಗೆಲ್ಲ ಹರಳೆಣ್ಣೆಯ ವಾಸನೆ. ಬೆಂಗಳೂರಿನವರೆಗೂ ಮಳೆ ಬಿಡಲಿಲ್ಲ.

ಡಾಕ್ಟರು ಸ್ಟಿರಾಯ್ಡ್ ಇಂಜೆಕ್ಷನ್ ಶುರುಮಾಡಿದಳು. ಕೆರಳಿ ಕರುಳಿನ ಮೇಲೆ ಬಿದ್ದಿದ್ದ ಕೋಶಗಳನ್ನು ತಣ್ಣಗೆ ಮಾಡುವುದು ಅದರ ಕೆಲಸ. ನಮ್ಮಿಬ್ಬರನ್ನೂ ಹೊರಗೆ ಕರೆದು, "ಎಷ್ಟು ದಿನದಿಂದ?" ಎಂದಳು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲ ಹೇಳಿದರು. ಡಾಕ್ಟರು ಗೋಡೆಗೆ ಒರಗಿ ನಿಂತುಬಿಟ್ಟಳು. "ಮೊದಲ ವಾರದಲ್ಲೇ ಹೇಳಿದ್ದರೆ ಮಾತ್ರೆಯಲ್ಲೇ ಹತೋಟಿಗೆ ತರಬಹುದಿತ್ತು. ಔಷಧಿ ಸ್ವಲ್ಪ ದಿನ ತಡೆದು ನೋಡುತ್ತಿದ್ದೆವು. ಪೂರ್ತಿ ನಿಲ್ಲಿಸಿದ್ದರೂ ಅದು ಮಾಡಿದ ಕೆಲಸ ಎಷ್ಟೋ ಜನರಲ್ಲಿ ಹಾಗೇ ಉಳಿಯುತ್ತೆ. ಗಂಟು ಮತ್ತೆ ಬೆಳೆದೇ ಬಿಡುತ್ತೆ ಅಂತೇನಿಲ್ಲ" ಎಂದಳು.

ಈ ಮಾತು ಕೇಳಿ ನನಗೆ ತಲೆ ಕೆಟ್ಟಿತು. ಮುಚ್ಚಿಡಲು ಇದ್ದ ಒಂದೇ ಕಾರಣವೂ ಸುಳ್ಳಾಗಿತ್ತು. ನಾಲ್ಕು ದಿನ ಸುಮ್ಮನಿದ್ದೆ. ರಕ್ತ ಹೋಗುವುದು ಕಡಿಮೆಯಾಗಿ, ದೊಡ್ಡಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿದ ದಿನ ನನ್ನ ಕೈಲಿ ತಡೆಯಲಾಗಲಿಲ್ಲ. ವಾರ್ಡು ಅನ್ನುವುದನ್ನೂ ನೋಡದೆ ಕೂಗಾಡಿದೆ.

"ಊರ್ನೋರ ಜಗ್ಳ ಮುಚ್ಚಿದ್ದು ಸಾಲ್ಲಿಲ್ವಾ? ಬದು ಹೋಯ್ತು, ಹೋಗ್ಲಿ ಅಂದ್ರಿ. ಈಗ ಜೀವಾನೂ ಹೋಗ್ಲಿ ಅಂತಿದ್ರಾ? ನಾನು ವಾರವಾರ ಕೇಳ್ಲಿಲ್ವಾ? ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನಿಮ್ಗೆ ಹೆಂಗ್ ಮನಸ್ ಬಂತು?"

ಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ದೊಡ್ಡಪ್ಪನ ಬಲಗೈಗೆ ಸೂಜಿ ಚುಚ್ಚಿತ್ತು. ಅದನ್ನೇ ಎತ್ತಿ, ಅಂಗೈ ಕೆಳಗೆ ಮಾಡಿ ಇಳಿಸಿದರು. ನಾನು ನಿಲ್ಲಿಸಲಿಲ್ಲ. ಅವರ ಜೀವಮಾನದಲ್ಲಿ ಆ ಕೈಗೆ ಸೋಲದವಳು ನಾನೊಬ್ಬಳೇ ಇರಬೇಕು. ಕೊನೆಗೆ ಅವರು ದೊಡ್ಡಮ್ಮನ ಎಲೆಅಡಿಕೆ ಚೀಲ ಕೇಳಿ ತೆಗೆದುಕೊಂಡು, ಬಾಡಿದ್ದ ಒಂದು ಎಲೆಯನ್ನು ಹುಡುಕಿ, ನರದ ಗುಂಟವೇ ಎರಡು ಮಾಡಿದರು.

"ಇಕಾ. ಹಾಕ್ಕ."

"ನಂಗೆ ಬ್ಯಾಡ."

"ಹಾಕ್ಕ ತಾಯಿ. ಸಾಯೋಕೆ ಭಯ ಆಗಿತ್ತು ಕಣೆ. ಅದ್ಕೇ ಯೋಳ್ಲಿಲ್ಲ. ಇನ್ನೇನೂ ಇಲ್ಲ. ಕಾಯಿ ಕೀಳೋಗಂಟ ಈ ಮಾತು ಎತ್ಬ್ಯಾಡ. ಆಮ್ಯಾಕೆ ಎಷ್ಟಾರಾ ಜಗ್ಳ ಆಡು, ಕೇಳ್ತೀನಿ."

ಅವರು ಭಯ ಎಂಬ ಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅರ್ಧ ಎಲೆಯನ್ನು ಬಾಯಿಗೆ ಹಾಕಿಕೊಂಡೆ. ತಮ್ಮ ಪಾಲಿನದನ್ನು ಅವರು ಅಗಿಯಲಾರದೆ ದಿಂಬಿನ ಪಕ್ಕ ಇಟ್ಟುಕೊಂಡರು.

ಅದಾದ ಎರಡು ದಿನಕ್ಕೆ ಕರುಳು ತೂತಾಯಿತು. ಆಪರೇಷನ್ ಮಾಡಿದರು. ಒಳಗೆಲ್ಲ ನಂಜಾಗಿತ್ತು. ಸ್ಟಿರಾಯ್ಡ್ ಕೊಟ್ಟು ಕಾವಲು ಕೋಶಗಳನ್ನು ಮಲಗಿಸಿದ್ದರಿಂದ ನಂಜಿನ ಜೊತೆ ಹೋರಾಡಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಮಕ್ಕಳಿಗೆ ಪಾಠ ಮಾಡುವವಳು. ಯಾವುದು ಯಾಕೆ ಆಗುತ್ತಿದೆ ಎನ್ನುವುದು ನನಗೆ ತಿಳಿಯುತ್ತಿತ್ತು. ತಿಳಿದು ಏನೂ ಪ್ರಯೋಜನವಾಗಲಿಲ್ಲ. ಕೊನೆಯ ಸ್ಕ್ಯಾನಿನಲ್ಲಿ ಶ್ವಾಸಕೋಶ ಹೆಚ್ಚುಕಡಿಮೆ ತಿಳಿಯಾಗಿತ್ತು. ಡಾಕ್ಟರು ಅದನ್ನು ನನಗೆ ತೋರಿಸುವಾಗ ಅವಳ ಕಣ್ಣೂ ತುಂಬಿತ್ತು. ಕ್ಯಾನ್ಸರ್ ಸೋಲುತ್ತಿತ್ತು, ದೊಡ್ಡಪ್ಪ ಅದಕ್ಕಿಂತ ಬೇಗ ಸೋಲುತ್ತಿದ್ದರು.

ಹಲವು ವಾರ ಹಾಗೆ ಕಳೆದು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದ ಮೇಲೆ ಆಂಬುಲೆನ್ಸಿನಲ್ಲಿ ಊರಿಗೆ ಕರೆತಂದೆವು. ಮಧುಗಿರಿ ಬೆಟ್ಟ ಕಂಡಾಗ ದೊಡ್ಡಮ್ಮ ಅವರ ತಲೆ ಎತ್ತಿ ಹಿಡಿದು, "ನೋಡ್ರಿ, ಬೆಟ್ಟ ಬಂತು" ಎಂದರು. ಅವರು ನೋಡಿದರೋ ಇಲ್ಲವೋ. ಊರಲ್ಲಿ ಮಳೆ ನಿಂತಿತ್ತು. ಕಾಯಿ ಬಲಿತು ಎಲ್ಲರ ಹೊಲವೂ ಕೀಳಲು ಬಂದಿತ್ತು. ಅವರು ಜಗಲಿಯ ಪಕ್ಕದ ಕೋಣೆಯಲ್ಲಿ ಎರಡು ದಿನ ಮಲಗಿದ್ದು, ಒಂದು ಬೆಳಿಗ್ಗೆ ದೊಡ್ಡಮ್ಮ ವಿಭೂತಿ ಹಚ್ಚುತ್ತಿದ್ದ ಹಾಗೆಯೇ ಹೋದರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹೊಲದಲ್ಲಿ, ಬದುವಿನ ಹತ್ತಿರ ಜಾಗ ನೋಡಿದರು. ಗುಂಡಿ ತೋಡಲು ಮೊದಲು ಇಳಿದವನು ತಿಮ್ಮರಾಜು. ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಅದು ನಾಟಕವಾಗಿರಲಿಲ್ಲ. ನಾಟಕವಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು.

ಮರುದಿನ ಸೋಮವಾರ. ಬಲಿತ ಬೆಳೆ ಸಾವಿಗೂ ಕಾಯುವುದಿಲ್ಲ. ಊರಿನವರೇ ಸೇರಿಕೊಂಡು ನಮ್ಮ ಹೊಲಕ್ಕೆ ಇಳಿದಿದ್ದರು. ಜಗಲಿಯ ಮೇಲೆ ಕೂತರೆ ಗಿಡ ಕಿತ್ತು ಮಣ್ಣು ಒದರುವುದು ಕಾಣುತ್ತಿತ್ತು. ಹಸಿ ಕಾಯಿಯ ವಾಸನೆ ಬರುತ್ತಿತ್ತು. ಕಾಯಿ ಕೀಳುವುದು ಮುಗಿಯುತ್ತಿದೆ, ಅರ್ಧ ಎಲೆಯ ಗಡುವು ತೀರಿತು, ಇನ್ನು ನಾನು ಆ ಮಾತು ಎತ್ತಬಹುದು ಎಂದು ಯೋಚಿಸುತ್ತ ಕೂತಿದ್ದೆ. ಎಷ್ಟಾದರೂ ಜಗಳ ಆಡು ಎಂದವರು ಕೇಳಲು ಇರಲಿಲ್ಲ. ಎದೆಯಲ್ಲಿ ತುಂಬಿಕೊಂಡಿದ್ದ ಜಗಳವನ್ನೆಲ್ಲ ಎಲ್ಲಿ ಹಾಕಲಿ ಎಂದು ತಿಳಿಯದೆ ಅಳು ಬಂತು.

ಆಗ ಒಳಗೆ ಫೋನು ಬಡಿದುಕೊಂಡಿತು. ದೊಡ್ಡಮ್ಮ ಎತ್ತಿದರು. ಸೋಮವಾರದ ಹುಡುಗಿ. ತೀರಿಕೊಂಡ ಸುದ್ದಿಯನ್ನು ಆಸ್ಪತ್ರೆಗೆ ತಿಳಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳ ದನಿ ನನ್ನವರೆಗೂ ಕೇಳುತ್ತಿತ್ತು. "ಅಮ್ಮಾ, ಊರಿಗೆ ಹೋದ ಮೇಲೆ ತಾತ ಹೇಗಿದ್ದಾರೆ? ನನಗೆ ಮನಸ್ಸೇ ತಡೀಲಿಲ್ಲ..." ಅಷ್ಟು ಹೇಳುವಷ್ಟರಲ್ಲಿ ಅವಳು ಅಳತೊಡಗಿದಳು.

ನಾನು ಎದ್ದು ಹೋಗಿ ಫೋನಿಗೆ ಕೈ ಚಾಚಿದೆ. ದೊಡ್ಡಮ್ಮ ಕೊಡಲಿಲ್ಲ. ನನ್ನ ಕಡೆ ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಇಳಿಸಿದರು.

"ಚೆನ್ನಾಗವ್ರೆ ಕಣಮ್ಮ, ಏನೂ ತೊಂದ್ರೆ ಇಲ್ಲ" ಎಂದರು. "ನಿಂದು ಊಟ ಆಯ್ತಾ?"

ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.